ಲೈನಲ್ಲಿ ತಳ್ಳೋ ಹುಡುಗನ ಅಮ್ಮ ನಾನೇ

ಹಗಲು ಹನ್ನೊಂದು ಹನ್ನೆರಡರ ಹೊತ್ತಿಗೆ ಸ್ಕೂಲಿನ ನಂಬರಿಂದ ಫೋನ್ ಬಂತು ಅಂದ್ರೆ ಎರಡೇ ವಿಷ್ಯ ಇರ್ತೈತೆ, ಒಂದು ಜ್ವರ, ಇನ್ನೊಂದು ಕಂಪ್ಲೇಂಟು. ಜ್ವರ ಅಂದ್ರೆ ನನಗೆ ಒಂಥರಾ ಸಮಾಧಾನನೇ ಆಗ್ತಿತ್ತು, ಹಿಂಗೆ ಹೇಳ್ಬಾರ್ದು, ಆದ್ರೂ ನಿಜ, ಯಾಕಂದ್ರೆ ಮಗೂಗೆ ಜ್ವರ ಬಂದ್ರೆ ಯಾರೂ ನಮ್ಮ ಮುಖ ನೋಡಿ "ಮನೇಲಿ ಏನ್ ಹೇಳ್ಕೊಡ್ತೀರಿ ಅವನಿಗೆ" ಅಂತ ಕೇಳಲ್ಲ.

ನಮ್ಮೋನು ಯುಕೆಜಿ. ಮನೇಲಿ ಪುಟ್ಟ ಅಂತೀವಿ, ಇಲ್ಲೂ ಪುಟ್ಟ ಅಂತಲೇ ಇರ್ಲಿ. ಇರೋದು ದಾವಣಗೆರೆ, ಸ್ಕೂಲ್ ಯಾವ್ದು ಅಂತ ಮಾತ್ರ ಕೇಳ್ಬೇಡ್ರಿ. ಎಲ್‌ಕೆಜಿ ಪೂರ್ತಿ ಒಂದ್ ಮಾತು ಅನ್ನಿಸ್ಕೊಳ್ದೆ ಮುಗಿಸಿದ ಹುಡುಗ, ಈ ವರ್ಷ ಜೂನಲ್ಲಿ ಸ್ಕೂಲ್ ಶುರುವಾಗಿ ಮಳೆ ಹಿಡ್ಕೊಳ್ಳೋ ಹೊತ್ತಿಗೆ ದಿನಾ ಒಂದೊಂದು ರಂಪ. ಲೈನಲ್ಲಿ ಮುಂದಿರೋರನ್ನ ತಳ್ತಾನೆ, ಬ್ಯಾಗ್ ಹಿಡ್ದು ಎಳೀತಾನೆ, ಮಿಸ್ಸು ಕರೆದ್ರೆ ತಿರುಗಿ ಸೈತ ನೋಡಲ್ಲ, ಒಂದಿನ ಪಕ್ಕದಲ್ಲಿ ಕೂತಿದ್ದ ಹುಡುಗಿ ಮುಂಗೈ ಕಚ್ಚೇ ಬಿಟ್ಟ. ಇದನ್ನೆಲ್ಲಾ ಮಿಸ್ಸು ಹೇಳೋದು ಎಲ್ಲಿ, ಬಿಡೋ ಟೈಮಲ್ಲಿ ಗೇಟ್ ಹತ್ರ, ಇಪ್ಪತ್ತು ಮೂವತ್ತು ಜನ ಅಪ್ಪ ಅಮ್ಮಂದಿರು, ಆಟೋದೋರು, ಐಸ್‌ಕ್ರೀಮ್ ಗಾಡಿಯವ ಎಲ್ಲಾ ಕಿವಿ ತೆರ್ಕೊಂಡು ನಿಂತಿರುವಾಗ. ದಾವಣಗೆರೆ ದೊಡ್ಡ ಊರು, 1997ರಲ್ಲೇ ಜಿಲ್ಲೆ ಆಗೈತೆ, ಸ್ಮಾರ್ಟ್ ಸಿಟಿ ಬೇರೆ, ಅದೆಲ್ಲಾ ಸರಿ, ಆದ್ರೆ ಸ್ಕೂಲ್ ಗೇಟಲ್ಲಿ ನಿಂತಾಗ ಎಲ್ಲಾರೂ ಒಬ್ರಿಗೊಬ್ರು ಏನಾದ್ರೂ ಆಗಿರ್ತಾರೆ, ನನ್ನ ನಾದಿನಿ ಗಂಡನ ಕಡೆಯೋರಿಗೆ ಸಂಜೆ ಒಳಗೆ ಸುದ್ದಿ ಮುಟ್ಟಿರ್ತೈತೆ.

ಮನೇಲಿ ಒಬ್ಬೊಬ್ರದ್ದು ಒಂದೊಂದು ಔಷಧಿ. ನಮ್ಮತ್ತೆಗೆ ಇದು ದೃಷ್ಟಿ, ಉಪ್ಪು ಮೆಣಸಿನಕಾಯಿ ಇಳೆ ತೆಗೆದು ಒಲೆಗೆ ಹಾಕಿ, ಮೆಣಸಿನಕಾಯಿ ಘಾಟೇ ಬರ್ಲಿಲ್ಲ ನೋಡು ಅಂತ ನನಗೇ ತೋರಿಸಿದ್ರು, ದುಗ್ಗಮ್ಮನ ಗುಡೀಗೆ ಹೋಗಿ ಕಾಯಿ ಒಡಿಸ್ಕೊಂಡೂ ಬಂದ್ವಿ (ದೃಷ್ಟಿ ವಿಷ್ಯಕ್ಕೆ ನಾನು ಯಾವತ್ತೂ ವಾದ ಮಾಡಲ್ಲ, ಐದು ನಿಮಿಷದ ಕೆಲ್ಸ, ಅಜ್ಜಿ ಕೈ ತಲೆ ಮೇಲೆ ಬಂದ್ರೆ ಹುಡುಗನೂ ತಣ್ಣಗಾಗ್ತಾನೆ). ನಮ್ಮ ಮಾವ, "ಇವರಪ್ಪನ್ನ ಬೆಲ್ಟ್ ತಗೊಂಡು ಸರಿ ಮಾಡಿದ್ದು ನಾನು" ಅಂತ. ಅದೇ ಇವರಪ್ಪ ಏಳನೇ ಕ್ಲಾಸ್ ತನಕ ಯಾರ್ ಯಾರ ತಲೆ ಒಡೆದಿದ್ರು ಅನ್ನೋ ಕತೆನೂ ಈ ಮಾವನೇ ಹಬ್ಬಕ್ಕೊಂದ್ಸಲ ಹೇಳ್ತಾರೆ, ಸರಿ ಆಗಿದ್ದು ಯಾವಾಗ ಅಂತ ಕೇಳೋಕೆ ನನಗೆ ಇನ್ನೂ ಧೈರ್ಯ ಬಂದಿಲ್ಲ. ಮೇಲ್ಗಡೆ ಮನೆ ಆಂಟಿ ಒಂದೇ ಮಾತು, "ಹೈಪರ್ ಇರ್ಬೇಕು ಕಣಮ್ಮ, ತೋರಿಸಿ ಬಿಡು", ಅಂದ್ರೆ ಎಡಿಎಚ್‌ಡಿ ಅಂತಾರಲ್ಲ, ಕೂತಲ್ಲಿ ಕೂರೋಕಾಗದ, ಗಮನ ನಿಲ್ಲದ ತೊಂದ್ರೆ, ಅದು.

ನಮ್ಮೆಜಮಾನ್ರು ಬಟ್ಟೆ ಅಂಗಡಿ ಮುಚ್ಕೊಂಡು ರಾತ್ರಿ ಹತ್ತಕ್ಕೆ ಬರೋರು, ಬಂದು ಚಪ್ಪಲಿ ಬಿಡೋದ್ರೊಳಗೆ "ಇವತ್ತೇನು ಮಾಡ್ದಾ" ಅಂತ ಕೇಳಿ ಅವನನ್ನ ನಿಲ್ಸಿ ವಿಚಾರಣೆ ಶುರು ಮಾಡೋರು. ಇದನ್ನ ನಾನು ಮೊದಲು ನಿಲ್ಸಿದೆ. ಹನ್ನೊಂದೂವರೆಗೆ ಆಗಿದ್ದ ವಿಷ್ಯಕ್ಕೆ ರಾತ್ರಿ ಹತ್ತಕ್ಕೆ ಬೈದ್ರೆ ಐದು ವರ್ಷದ ಹುಡುಗನಿಗೆ ಹನ್ನೊಂದೂವರೆ ನೆನಪಾಗಲ್ಲ ರೀ, ಅವನಿಗೆ ಗೊತ್ತಾಗೋದು ಅಪ್ಪ ಬಂದ್ರೆ ಬೈತಾರೆ ಅಂತ ಅಷ್ಟೇ. ಆಮೇಲೆ ಇನ್ನೊಂದು, ಸ್ಕೂಲಲ್ಲಿ ಆಗಿದ್ದಕ್ಕೆ ಅಲ್ಲಿ ಒಂದ್ಸಲ ಮೂಲೇಲಿ ನಿಲ್ಸಿ ಆಗಿರ್ತೈತೆ, ಗೇಟಲ್ಲಿ ಒಂದ್ಸಲ ಎಲ್ಲಾರ ಮುಂದೆ ಆಗಿರ್ತೈತೆ, ಮನೇಲಿ ಮೂರನೇ ಸಲ ಅಂದ್ರೆ ಕಳ್ಳನಿಗೂ ಒಂದೇ ಕೇಸಿಗೆ ಮೂರು ಸಲ ಜೈಲಿಲ್ಲ. ಹಂಗಾಗಿ ಮನೇಲಿ ಒಂದು ಕಾನೂನು ಮಾಡಿದ್ವಿ, ಸ್ಕೂಲಿನ ತಪ್ಪಿಗೆ ಮನೇಲಿ ಟಿವಿ ಬಂದ್ ಮಾಡೋದಿಲ್ಲ, ಏಟಿಲ್ಲ, ಅಪ್ಪ ಬಂದ್ಮೇಲೆ ಕೋರ್ಟಿಲ್ಲ. ಮನೇಲಿ ಮಾಡೋದು ಒಂದೇ ಕೆಲ್ಸ, ತಳ್ಳೋದಕ್ಕಿಂತ ಮುಂಚೆ ಏನಾಗಿತ್ತು ಅಂತ ಪತ್ತೆ ಮಾಡೋದು.

"ಹಂಗಂದ್ರೆ ಮುದ್ದು ಮಾಡಿ ಹಾಳು ಮಾಡೋದಾ" ಅಂತ ಅತ್ತೆ. ಅಲ್ಲ ಅತ್ತೆ. ಕಣ್ಣೆದುರಿಗೆ ಅವನ ಪುಟಾಣಿ ತಮ್ಮನ್ನ ತಳ್ಳಿದ್ರೆ ಅಲ್ಲೇ ಕೈ ಹಿಡ್ದು ಕೂರಿಸ್ತೀನಿ, ಆಟ ಬಂದ್, ಅದ್ರಲ್ಲಿ ಎರಡು ಮಾತಿಲ್ಲ.

ಪತ್ತೆ ಮಾಡೋದು ಅಂದ್ನಲ್ಲಾ, ಅದು ಸುಲಭ ಇಲ್ಲ. ಯಾಕೋ ತಳ್ಳಿದೆ ಅಂತ ಕೇಳಿದ್ರೆ ಈ ವಯಸ್ಸಿನ ಮಕ್ಳ ಉತ್ರ ಒಂದೇ, ಸುಮ್ನೆ. ಇಲ್ಲಾಂದ್ರೆ ಗೊತ್ತಿಲ್ಲ. ಇಲ್ಲಾಂದ್ರೆ ಅವನೇ ಮೊದ್ಲು ತಳ್ಳಿದ್ದು. ಅವರು ಸುಳ್ಳು ಹೇಳ್ತಾರೆ ಅಂತ ಅಲ್ಲ, ಯಾಕೆ ಅನ್ನೋದಕ್ಕೆ ಹಿಂದೆ ಹೋಗಿ ಯೋಚ್ನೆ ಮಾಡಿ ಹೇಳೋವಷ್ಟು ಅವರಿಗೆ ಇನ್ನೂ ಬರಲ್ಲ, ದೊಡ್ಡೋರಿಗೇ ಬರಲ್ಲ ಬಿಡ್ರಿ. ಏನಾಯ್ತು ಅಂತ ಕೇಳಿದ್ರೂ ಹೇಳಲ್ಲ. ಆಡು ಅಂದ್ರೆ ಮಾತ್ರ ಎಲ್ಲಾ ಹೊರಗೆ ಬರ್ತೈತೆ.

ಒಂದಿನ ಸಂಜೆ ಬಾಗಿಲ ಹತ್ರ ಕೂತು ಹೂ ಕಟ್ತಿದ್ದೆ, ಇವನು ಚಪ್ಪಲಿ ಸ್ಟ್ಯಾಂಡಿಂದ ಮನೆಯೋರ ಚಪ್ಪಲಿ ಎಲ್ಲಾ ಇಳಿಸಿ ಪಡಸಾಲೇಲಿ ಸಾಲಾಗಿ ಇಟ್ಟ. ಅಜ್ಜನ ಚರ್ಮದ ಚಪ್ಪಲಿ, ನನ್ನ ಹವಾಯಿ, ಅಪ್ಪನ ಬೂಟು, ತಮ್ಮಂದು ಪೀಂ ಪೀಂ ಅನ್ನೋ ಚಪ್ಪಲಿ, ಎಲ್ಲಾ ಒಂದರ ಹಿಂದೆ ಒಂದು. ತಾನು ಸ್ಕೇಲ್ ಹಿಡ್ಕೊಂಡು ಮಿಸ್ಸು. "ಫಿಂಗರ್ ಆನ್ ದ ಲಿಪ್ಸ್. ಹ್ಯಾಂಡ್ ವಾಶ್ ಲೈನ್. ಯಾರೂ ಮಾತಾಡಂಗಿಲ್ಲ." ನಾನು ಸುಮ್ನೆ ಹೂ ಕಟ್ಕೊಂತಾ ನೋಡ್ತಿದ್ದೆ. ಒಂದು ಸಣ್ಣ ಬಿಳಿ ಶೂ, ಅವನದ್ದೇ, ತಗೊಂಡು ಎಲ್ಲಾದಕ್ಕಿಂತ ಕೊನೇಲಿ ಇಟ್ಟ. ಇಟ್ಟು ಮಿಸ್ಸು ಧ್ವನೀಲಿ "ನೀನು ಲಾಸ್ಟ್, ನೀನು ಯಾವಾಗ್ಲೂ ಲಾಸ್ಟ್" ಅಂದ. ಯಾಕ್ ಮಿಸ್ ಅವನು ಲಾಸ್ಟ್ ಅಂತ ನಾನು ಮೆಲ್ಲಕೆ ಕೇಳ್ದೆ, ಚಪ್ಪಲಿ ಕಡೆಯಿಂದ ಮಾತಾಡಿದಂಗೆ. "ಅವ್ನು ಬ್ಯಾಡ್ ಬಾಯ್, ತಳ್ತಾನೆ, ಅದಕ್ಕೆ ಲಾಸ್ಟ್." ಆಮೇಲೆ ಅಪ್ಪನ ಬೂಟು ತಗೊಂಡು ಬಿಳಿ ಶೂ ಮುಂದೆ ನುಗ್ಸಿದ, ತಮ್ಮನ ಚಪ್ಪಲಿನೂ ತಗೊಂಡು ಮುಂದೆ ನುಗ್ಸಿದ, ಪೀಂ ಅಂತು. "ಇವ್ರೆಲ್ಲಾ ಮುಂದೆ ಬರ್ತಾರೆ, ಇವ್ನು ಅಲ್ಲೇ ಇರ್ತಾನೆ, ಬೆಲ್ ಆಗ್ತೈತೆ." ಆಮೇಲೆ ಬಿಳಿ ಶೂ ಎತ್ತಿ ಇಡೀ ಸಾಲಿನ ಮೇಲೆ ಹಾಯಿಸಿ ಬಿಟ್ಟ, ಚಪ್ಪಲಿ ಎಲ್ಲಾ ದಿಕ್ಕಾಪಾಲು.

ತಳ್ತಾನೆ ಅಂತ ಲಾಸ್ಟಲ್ಲಿ ನಿಲ್ಸಿದಾರೆ, ಲಾಸ್ಟಲ್ಲಿ ನಿಲ್ಸಿದಾರೆ ಅಂತ ತಳ್ತಾನೆ. ಮಿಸ್ಸಿನ ಮೇಲೆ ಸಿಟ್ಟು ಬಂತಾ ಅಂದ್ರೆ ಬಂತು, ಒಂದು ರಾತ್ರಿ ಇತ್ತು, ಬೆಳಿಗ್ಗೆ ಹೊತ್ತಿಗೆ ಇಳೀತು. ಮೂವತ್ತು ಚಿಲ್ಲರೆ ಮಕ್ಳು, ಒಬ್ಬ ಮಿಸ್ಸು, ಆಯಮ್ಮ ಒಬ್ರು ಎರಡು ಸೆಕ್ಷನ್‌ಗೆ ಸೇರಿ. ಭಾನುವಾರ ಬೆಳಿಗ್ಗೆ ನಮ್ಮೂರ ಬೆಣ್ಣೆ ದೋಸೆ ಹೋಟೆಲ್ ಮುಂದೆ ನೋಡ್ರಿ, ಹೊಟ್ಟೆ ಹಸಿದ ದೊಡ್ಡ ದೊಡ್ಡ ಗಂಡಸ್ರೇ ಟೇಬಲ್ ಖಾಲಿ ಆಗೋದ್ರೊಳಗೆ ಕುರ್ಚಿ ಹಿಂದೆ ನಿಂತು ಮೊಣಕೈಲಿ ತಿವೀತಾ ಇರ್ತಾರೆ, ಇನ್ನು ಐದು ವರ್ಷದ್ದು ಹತ್ತು ನಿಮಿಷ ಲೈನಲ್ಲಿ ಬೆರಳು ತುಟಿ ಮೇಲೆ ಇಟ್ಕೊಂಡು ನಿಲ್ಬೇಕು ಅಂದ್ರೆ.

ಮಿಸ್ಸಿನ ಹತ್ರ ಹೋಗಿದ್ದು ಶನಿವಾರ, ಅರ್ಧ ದಿನ ಇರ್ತೈತಲ್ಲ, ಮಕ್ಳೆಲ್ಲಾ ಹೋದ್ಮೇಲೆ. ಇದೊಂದು ಮಾತು ಯಾರಾದ್ರೂ ಕೇಳ್ಕೊಳ್ರಿ, ಗೇಟಲ್ಲಿ ಮಾತಾಡ್ಬೇಡ್ರಿ. ಗೇಟಲ್ಲಿ ಅವರಿಗೂ ಮರ್ಯಾದೆ ಪ್ರಶ್ನೆ, ನಮಗೂ ಮರ್ಯಾದೆ ಪ್ರಶ್ನೆ, ಮಗು ಮಧ್ಯದಲ್ಲಿ ನಿಂತು ಎರಡೂ ಕಡೆ ಮುಖ ನೋಡ್ತಿರ್ತೈತೆ. ನಾನು ಹೋಗಿ ನನ್ನ ಮಗ ಒಳ್ಳೇನು ಅಂತ ಹೇಳ್ಲಿಲ್ಲ, ನೀವು ಹಿಂಗ್ ಮಾಡಿದ್ರಿ ಅಂತಲೂ ಹೇಳ್ಲಿಲ್ಲ. "ಮಿಸ್, ನನಗೊಂದು ಸಹಾಯ ಮಾಡ್ರಿ, ಹೊಡೆದ ತಳ್ಳಿದ ಅಂತ ಡೈರೀಲಿ ಬರೀತೀರಲ್ಲ, ಅದ್ರ ಜೊತೆ ಟೈಮು, ಎಲ್ಲಿ, ಅದಕ್ಕಿಂತ ಮುಂಚೆ ಏನ್ ನಡೀತಿತ್ತು ಅಂತ ಒಂದೇ ಲೈನು ಬರೀರಿ, ಸಾಕು" ಅಂದೆ. ಅವರು ಮೊದ್ಲು ಒಂಥರಾ ನೋಡಿದ್ರು, ಆಮೇಲೆ ಖುಷಿ ಆದ್ರು ಅಂತಲೇ ಅನ್ನಿಸ್ತು, ಜಗಳಕ್ಕೆ ಬಂದಾಳೆ ಅಂದ್ಕೊಂಡಿದ್ರೇನೋ ಪಾಪ.

ಡೈರೀಲಿ ಬಂದಿದ್ದು ನೋಡಿದ್ರೆ ಬೆಳಿಗ್ಗೆ ಒಂದೂ ಇಲ್ಲ. ಎಲ್ಲಾ ಹನ್ನೊಂದರಿಂದ ಹನ್ನೆರಡೂವರೆ ಒಳಗೆ. ಜಾಗ ಒಂದೋ ನಲ್ಲಿ ಹತ್ರ, ಇಲ್ಲಾ ಮೆಟ್ಟಿಲು. ರೈಮ್ಸ್ ಟೈಮಲ್ಲಿ, ಬಣ್ಣ ಹಚ್ಚೋವಾಗ, ಒಂದೂ ಇಲ್ಲ. ಹಂಗಾದ್ರೆ ಹುಡುಗ ಕೆಟ್ಟೋನು ಅನ್ನೋದಕ್ಕಿಂತ ಹನ್ನೊಂದು ಗಂಟೆ ಕೆಟ್ಟದ್ದು ಅನ್ನಿಸ್ತು ನನಗೆ. ಹನ್ನೊಂದು ಗಂಟೇಲಿ ಏನೈತೆ ಅಂತ ಹುಡುಕಿದ್ರೆ ಡಬ್ಬಿ.

ಜೂನಲ್ಲಿ ಹೊಸ ಸ್ಟೀಲ್ ಡಬ್ಬಿ ತಂದಿದ್ವಿ, ನಾಲ್ಕೂ ಕಡೆ ಕ್ಲಿಪ್ ಇರ್ತಾವಲ್ಲ ಅದು, ಸಾರು ಚೆಲ್ಲಲ್ಲ ಅಂತ. ಹಳೇ ಪ್ಲಾಸ್ಟಿಕ್ಕಿಂದು ತಾನೇ ತೆಗೀತಿದ್ದ. ಇದು ನನ್ನ ಉಗುರಿಗೇ ಕಷ್ಟ ಕೊಡೋ ಡಬ್ಬಿ. ಹತ್ತೂವರೆ ಬ್ರೇಕಲ್ಲಿ ಆಯಮ್ಮ ಬಂದು ತೆಗ್ದು ಕೊಡ್ಬೇಕು, ಆಯಮ್ಮ ಆ ಕಡೆ ಸೆಕ್ಷನ್ ಮುಗಿಸಿ ಈ ಕಡೆ ಬರೋದ್ರೊಳಗೆ ಬೆಲ್. ಇವನು ಕೇಳಲ್ಲ, ಕೇಳೋ ಜಾತಿನೇ ಅಲ್ಲ, ಸುಮ್ನೆ ಡಬ್ಬಿ ಹಿಡ್ಕೊಂಡು ಕೂತಿರ್ತಾನೆ. ಸಂಜೆ ಮಂಡಕ್ಕಿ ಒಗ್ಗರಣೆ ಹಂಗೇ ಮೆತ್ತಗಾಗಿ ವಾಪಸ್ ಬರೋದು, ಅತ್ತೆ "ಖಾರ ಜಾಸ್ತಿ ಹಾಕ್ತೀಯ, ತಿನ್ನಲ್ಲ" ಅನ್ನೋರು, ನಾನು ಖಾರ ಕಮ್ಮಿ ಮಾಡ್ತಾ ಬಂದು ಕೊನೆಗೆ ಮಂಡಕ್ಕೀಲಿ ಉಪ್ಪು ಬಿಟ್ಟು ಏನೂ ಉಳೀಲಿಲ್ಲ. ಬೆಳಿಗ್ಗೆ ಏಳೂಮುಕ್ಕಾಲಕ್ಕೆ ಆಟೋ ಹತ್ತೋವಾಗ ಕುಡ್ದಿರೋದು ಅರ್ಧ ಲೋಟ ಹಾಲು, ಅದ್ರ ಮೇಲೆ ಹನ್ನೆರಡೂವರೆ ತನಕ ಹೊಟ್ಟೇಲಿ ನೀರು. ಹಳೇ ಡಬ್ಬಿ ಅಟ್ಟದಿಂದ ಇಳಿಸಿದೆ. ಕೆಲವು ಸಮಸ್ಯೆಗೆ ಕೌನ್ಸೆಲಿಂಗ್ ಬೇಕಾಗ್ತೈತೆ, ಕೆಲವಕ್ಕೆ ಲೂಸ್ ಮುಚ್ಚಳ ಸಾಕು.

ನಿದ್ದೆ ವಿಷ್ಯ ಇದಕ್ಕಿಂತ ಕಷ್ಟ ಆಯ್ತು. ಮೂರರಿಂದ ಐದು ವರ್ಷದ ಮಕ್ಳಿಗೆ ಹಗಲು ಮಲಗೋದೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು ಅಂತಾರೆ ಡಾಕ್ಟ್ರು, ಆರು ದಾಟಿದ್ರೆ 9ರಿಂದ 12. ಬೆಳಿಗ್ಗೆ ಆರೂವರೆಗೆ ಏಳ್ಬೇಕು ಅಂದ್ರೆ ರಾತ್ರಿ ಎಂಟೂವರೆಗೆ ಮಲಗಿರ್ಬೇಕು ಲೆಕ್ಕ. ಅಂಗಡಿ ಇರೋ ಮನೇಲಿ ಎಂಟೂವರೆ ಅಂದ್ರೆ ಇನ್ನೂ ಸಂಜೆ! ಅಪ್ಪನ ಮುಖ ನೋಡಿ ಮಲಗ್ಬೇಕು ಅಂತ ಹತ್ತೂವರೆ ತನಕ ಎಚ್ಚರ ಇರೋನು, ಅಪ್ಪ ಬಂದ್ಮೇಲೆ ಕುಣಿಯೋನು. ಈಗ ಅಪ್ಪನ ಟೈಮನ್ನ ಬೆಳಿಗ್ಗೆಗೆ ಹಾಕಿದೀವಿ, ಆಟೋ ಬಿಡಿಸಿ ಇವರೇ ಗಾಡೀಲಿ ಕರ್ಕೊಂಡು ಹೋಗ್ತಾರೆ, ಅಂಗಡಿ ತೆಗೆಯೋದು ಹೆಂಗೂ ಹತ್ತಕ್ಕೆ. ಅಪ್ಪ ಮಗ ಗಾಡೀಲಿ ಏನೋ ದೊಡ್ಡ ಮಾತು ಆಡ್ಕೊಂಡು ಹೋಗ್ತಾರೆ, ನನಗೆ ಹೇಳಲ್ಲ. ರಾತ್ರಿ ಒಂಬತ್ತರ ಒಳಗೆ ಲೈಟ್ ಆಫ್, ಶನಿವಾರ ಬಿಟ್ಟು. ಮದ್ವೆ ಸೀಜನ್‌ನಲ್ಲಿ ಮಾತ್ರ ಈ ಕಾನೂನು ನಡೆಯಲ್ಲ, ಬಟ್ಟೆ ಅಂಗಡಿಯೋರ ಮನೇಲಿ ಆಗ ಯಾವ ಕಾನೂನೂ ನಡೆಯಲ್ಲ.

ಮಿಸ್ಸು ಕರೆದ್ರೆ ತಿರುಗಿ ನೋಡಲ್ಲ ಅಂತ ಹೇಳಿದ್ರಲ್ಲ, ಅದನ್ನ ಮೊದ್ಲು ಎಲ್ರೂ ಉದ್ಧಟತನ ಅಂದ್ಕೊಂಡ್ವಿ. ಮಳೆಗಾಲ ಪೂರ್ತಿ ನೆಗಡಿ ಇತ್ತು ಅವನಿಗೆ, ಮಕ್ಳ ಡಾಕ್ಟ್ರು ಹತ್ರ ಅದಕ್ಕೇ ಹೋದಾಗ ಸ್ಕೂಲ್ ಕತೆ ಹೇಳ್ದೆ, ಅವರು ಬೈಯೋದಾಗ್ಲೀ ಉಪದೇಶ ಆಗ್ಲೀ ಇಲ್ದೆ ಮೊದ್ಲು ಕಿವಿ ಒಳಗೆ ಲೈಟ್ ಬಿಟ್ಟು ನೋಡಿದ್ರು. ನೆಗಡಿ ಆದ್ಮೇಲೆ ಕಿವಿ ತಮಟೆ ಹಿಂದೆ ಒಂಥರಾ ನೀರು ನಿಲ್ತೈತಂತೆ, ಈ ವಯಸ್ಸಲ್ಲಿ ತುಂಬಾ ಸಾಮಾನ್ಯ, ಎಷ್ಟೋ ಸಲ ನೋವೇ ಇರಲ್ಲ, ಕೇಳ್ಸೋದು ಮಾತ್ರ ಮಂದ ಆಗ್ತೈತೆ. ಇವನ ಎಡಗಿವೀಲಿ ಇತ್ತು. ಜಾಸ್ತಿ ಮಕ್ಳಿಗೆ ಮೂರು ತಿಂಗಳೊಳಗೆ ತಾನಾಗೇ ಹೋಗ್ತೈತೆ, ಹೋಗ್ಲಿಲ್ಲ ಅಂದ್ರೆ ಇಎನ್‌ಟಿ ನೋಡ್ಬೇಕು, ಅಲ್ಲೀವರ್ಗೂ ಕ್ಲಾಸಲ್ಲಿ ಮುಂದೆ ಕೂರಿಸೋಕೆ ಹೇಳ್ರಿ, ಹೆಸರು ಕೂಗೋ ಬದ್ಲು ಹತ್ರ ಹೋಗಿ ಹೇಳ್ಲಿ ಅಂದ್ರು. ಆಯ್ತಲ್ಲ, ಹಿಂದಿನ ಬೆಂಚಲ್ಲಿ ಕೂತು, ಎಡಗಡೆಯಿಂದ ಮಿಸ್ಸು ಕೂಗೋದು, ಮೂವತ್ತು ಮಕ್ಳ ಗದ್ಲ. ದುಡ್ಡಿನ ಯೋಚ್ನೆ ಇರೋರಿಗೆ ಒಂದು ಮಾತು, ಅಂಗನವಾಡಿ, ಸರ್ಕಾರಿ ಶಾಲೆ ಮಕ್ಳನ್ನ ನೋಡೋಕೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟ್ರ ಟೀಮು ಬರ್ತೈತೆ, 2013ರಿಂದ ಐತೆ ಇದು, ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದ್ಸಲ ಲೆಕ್ಕ. ಕಿವಿ, ಕಣ್ಣು, ಮಾತು, ಕಲಿಯೋ ತೊಂದ್ರೆ ಎಲ್ಲಾ ಅದ್ರಲ್ಲಿ ಬರ್ತೈತೆ, ಫ್ರೀ. ಆ ದಿನ ಮಗೂನ ತಪ್ಪಿಸ್ಬೇಡ್ರಿ.

ಮೇಲ್ಗಡೆ ಆಂಟಿ ಹೈಪರ್ ಅಂದಿದ್ದನ್ನೂ ಡಾಕ್ಟ್ರಿಗೆ ಕೇಳ್ದೆ, ಮನಸ್ಸಲ್ಲಿ ಕೊರೀತಾ ಇತ್ತು. ಅವರಂದಿದ್ದು, ಒಂದು ಜಾಗದಲ್ಲಿ ಒಂದು ಟೈಮಲ್ಲಿ ಮಾತ್ರ ಆಗೋದಕ್ಕೆ ಆ ಹೆಸರು ಇಡಲ್ಲ, ಮನೇಲೂ ಸ್ಕೂಲಲ್ಲೂ ಎರಡೂ ಕಡೆ, ಕಮ್ಮಿ ಅಂದ್ರೂ ಆರು ತಿಂಗಳು ಅದೇ ಥರ ಇರ್ಬೇಕು, ವಯಸ್ಸಿಗೆ ಮೀರಿ ಇರ್ಬೇಕು. ಹಂಗೆ ಇದ್ರೆ ಮುಚ್ಚಿಡೋದು ಬೇಡ, ತೋರಿಸ್ಲೇಬೇಕು, ಆದ್ರೆ ಆ ಮಾತನ್ನ ಹೇಳೋದು ಡಾಕ್ಟ್ರು, ಮೇಲ್ಗಡೆ ಮನೆಯೋರಲ್ಲ.

ಕಚ್ಚಿದ್ದು ಮಾತ್ರ ನನಗೆ ತುಂಬಾ ಚುಚ್ಚಿತ್ತು. ಮಾತು ಬರ್ದಿರೋ ಎರಡು ವರ್ಷದ ಕೂಸು ಕಚ್ಚೋದು ಬೇರೆ, ಐದು ವರ್ಷದ್ದು ಕಚ್ಚೋದು ಬೇರೆ. ಅವತ್ತು ಆ ಹುಡುಗಿ ಅಮ್ಮ ಫೋನ್ ಮಾಡೋದ್ರೊಳಗೆ ನಾನೇ ಮಾಡಿದೆ. "ಅಕ್ಕಾ, ನಮ್ಮ ಪುಟ್ಟ ನಿಮ್ಮ ಮಗಳ ಕೈ ಕಚ್ಚಿದಾನೆ, ಚರ್ಮ ಏನಾದ್ರೂ ಕಿತ್ತೈತಾ ನೋಡ್ರಿ, ಕಿತ್ತಿದ್ರೆ ಸೋಪ್ ಹಚ್ಚಿ ನೀರಲ್ಲಿ ತೊಳೀರಿ, ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ" ಅಂದೆ. ಅವರು ಬೈಯೋಕೆ ಅಂತಲೇ ಇಟ್ಕೊಂಡಿದ್ದ ಮಾತೆಲ್ಲಾ ಗಂಟಲಲ್ಲೇ ಉಳೀತು ಅನ್ಸುತ್ತೆ, "ಇಲ್ಲ ಬಿಡ್ರಿ, ಕೆಂಪಗಾಗೈತೆ ಅಷ್ಟೇ, ನನ್ನ ಮಗಳೂ ಸುಮ್ನೆ ಇರೋಳಲ್ಲ, ಅವನ ಕ್ರೇಯಾನ್ ಮುರದಾಳಂತೆ" ಅಂದ್ರು. ಪುಟ್ಟನ ಕೈಲಿ ಸಾರಿ ಹೇಳಿಸ್ಲಿಲ್ಲ ನಾನು. ಈ ಸಾರಿ ಅನ್ನೋದು ಇಂಗ್ಲಿಷ್ ಮೀಡಿಯಂ ಮಕ್ಳ ಬಾಯಲ್ಲಿ ಸೀನು ಬಂದಷ್ಟೇ ಸಲೀಸಾಗಿ ಬರ್ತೈತೆ, ಹೇಳ್ತಾ ಹೇಳ್ತಾನೇ ಇನ್ನೊಂದು ಕೈಲಿ ತಳ್ತಾ ಇರ್ತಾರೆ. ಅದ್ರ ಬದ್ಲು ಮಾರನೇ ದಿನ ಅವಳಿಗೆ ಕೊಡೋಕೆ ಅಂತ ಅವನ ಕೈಲೇ ಒಂದು ಚಿತ್ರ ಬರೆಸಿ ಕಳಿಸ್ದೆ, ಆನೆ ಅಂತೆ ಅದು, ನೋಡೋಕೆ ಮೋಡದಂಗೆ ಇತ್ತು, ಅವಳು ಮಡಚಿ ಪೆನ್ಸಿಲ್ ಬಾಕ್ಸಲ್ಲಿ ಇಟ್ಕೊಂಡಾಳಂತೆ.

ಆಮೇಲೆ ಪೇರೆಂಟ್ಸ್ ಮೀಟಿಂಗು. ಅಲ್ಲೊಬ್ರು ಅಪ್ಪ ಎದ್ದು, ತಮ್ಮ ಮಗನ ಬಗ್ಗೆನೇ, "ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಬಾರಿಸ್ರಿ ಮಿಸ್, ನಮ್ದೇನೂ ತಕರಾರಿಲ್ಲ" ಅಂದ್ರು, ಅಲ್ಲಿದ್ದ ಅರ್ಧ ಜನ ನಕ್ರು. ನಮ್ಮ ಮಿಸ್ಸು ನಗ್ಲಿಲ್ಲ. "ಹಂಗೆಲ್ಲಾ ಮಾಡಂಗಿಲ್ಲ ಸರ್, ನೀವು ಒಪ್ಪಿಗೆ ಕೊಟ್ರೂ ನಾವು ಹೊಡಿಯೋಂಗಿಲ್ಲ" ಅಂದ್ರು, ಅವತ್ತು ಅವರ ಮೇಲೆ ಗೌರವ ಬಂತು ನನಗೆ. ಮಾತು ನಿಜ. ಶಿಕ್ಷಣ ಹಕ್ಕು ಕಾಯ್ದೆ 2009, ಸೆಕ್ಷನ್ 17, ಹೊಡಿಯೋದೂ ಇಲ್ಲ, ಮಾನಸಿಕ ಹಿಂಸೆನೂ ಇಲ್ಲ. ಅದು ಆರರಿಂದ ಹದಿನಾಲ್ಕು ವರ್ಷದ ಮಕ್ಳದ್ದು, ಅದಕ್ಕಿಂತ ಸಣ್ಣೋರಿಗೆ ಅನ್ವಯಿಸಲ್ಲ ಅಂತ ಯಾರಾದ್ರೂ ಲಾಯರ್ ಥರ ಮಾತಾಡಿದ್ರೆ, ಮಕ್ಕಳ ನ್ಯಾಯ ಕಾಯ್ದೆ 2015ರ ಸೆಕ್ಷನ್ 75 ಐತೆ, ಮಗೂನ ಸುಪರ್ದೀಲಿ ಇಟ್ಕೊಂಡೋರು ಹಿಂಸೆ ಕೊಟ್ರೆ ಅಪರಾಧ ಅಂತ, ಹದಿನೆಂಟರ ಒಳಗಿನ ಎಲ್ಲಾ ಮಕ್ಳಿಗೂ. ನಿಜವಾಗ್ಲೂ ಏಟು ಬೀಳ್ತಿದ್ರೆ 1098 ಮಕ್ಕಳ ಸಹಾಯವಾಣಿ. ನಗೋ ಮಾತಲ್ಲ ಅದು, ಎಲ್ಲಾರ ಮುಂದೆ ತನ್ನಪ್ಪನೇ ಬಾರಿಸ್ರಿ ಅಂದಿದ್ದನ್ನ ಆ ಹುಡುಗ ಬಾಗಿಲ ಹತ್ರ ನಿಂತು ಕೇಳಿಸ್ಕೊಂಡ.

ಲೈನ್ ವಿಷ್ಯಕ್ಕೆ ಮಿಸ್ಸೇ ಒಂದು ಉಪಾಯ ಮಾಡಿದ್ರು, ನಾನು ಹೇಳಿದ್ದಲ್ಲ. ಪುಟ್ಟನಿಗೆ ಸೋಪ್ ಡಬ್ಬಿ ಹಿಡಿಯೋ ಕೆಲ್ಸ. ಸೋಪ್ ಇರೋನು ನಲ್ಲಿ ಹತ್ರನೇ ಇರ್ಬೇಕಲ್ಲ, ಹಂಗಾಗಿ ಲೈನಲ್ಲಿ ಮೊದ್ಲು ಇಲ್ಲ, ಲಾಸ್ಟೂ ಇಲ್ಲ. ವಾರಕ್ಕೊಬ್ರು ಅಂತ ಬದಲಾಯಿಸ್ತಾರೆ, ಇವನ ಸರದಿ ಮುಗಿದ ದಿನ ಮನೇಗೆ ಬಂದು ಒಂದು ತಾಸು ಅತ್ತ. ಮೆಟ್ಟಿಲಲ್ಲಿ ಈಗ್ಲೂ ತಳ್ಳಾಟ ಐತೆ, ಮೂರು ಮಹಡಿ ಸ್ಕೂಲು, ಗ್ರೌಂಡ್ ಇಲ್ಲ, ವಾರಕ್ಕೊಂದು ಪಿಟಿ ಪೀರಿಯಡ್ಡು, ಮಕ್ಳ ಕಾಲಲ್ಲಿರೋ ಓಟ ಎಲ್ಲಿ ಹೋಗ್ಬೇಕು. ನಾವು ಭಾನುವಾರ ಗಾಜಿನ ಮನೆ ಕಡೆ ಕರ್ಕೊಂಡು ಹೋಗ್ತೀವಿ, ಕುಂದುವಾಡ ಕೆರೆ ಪಕ್ಕ ಓಡಿದಷ್ಟೂ ಓಡ್ಲಿ ಅಂತ, ಮಿಕ್ಕ ದಿನ ಟೆರೇಸೇ ಗತಿ.

ಕಂಪ್ಲೇಂಟ್ ಪೂರ್ತಿ ನಿಂತಿಲ್ಲ. ಮೊನ್ನೆ ಯಾರದ್ದೋ ವಾಟರ್ ಬಾಟಲ್ ಮೆಟ್ಟಿಲ ಮೇಲಿಂದ ಬಿಟ್ಟಾನೆ, ಹೆಂಗೆ ಉರುಳ್ತೈತೆ ನೋಡೋಣ ಅಂತ. ಅದಕ್ಕೆ ಹಿಂದೆ ಮುಂದೆ ಏನೂ ಕಾರಣ ಇಲ್ಲ, ಹುಡುಗಾಟ, ನಮ್ಮಾವನ ಕಡೆ ರಕ್ತ. ಅವನ ಹುಂಡಿ ಒಡೆದು ಅದ್ರಲ್ಲೇ ಹೊಸ ಬಾಟಲ್ ತಂದು ಕೊಡಿಸಿದ್ವಿ.

ಮುಂದಿನ ಜೂನಿಗೆ ಒಂದನೇ ಕ್ಲಾಸು, ಬೇರೆ ಮಿಸ್ಸು. ಬ್ಯಾಡ್ ಬಾಯ್ ಅನ್ನೋ ಹೆಸರು ಅವನಿಗಿಂತ ಮೊದ್ಲೇ ಆ ಕ್ಲಾಸಿಗೆ ಹೋಗಿ ಕೂರ್ಬಾರ್ದಲ್ಲ, ಅದಕ್ಕೆ ಮಾರ್ಚಲ್ಲೇ ಈಗಿನ ಮಿಸ್ಸಿನ ಕೈಲಿ ಒಂದು ಚೀಟಿ ಬರೆಸ್ಬೇಕು ಅಂತ ಇದೀನಿ, ಎಡಗಿವಿ ಕಡೆಯಿಂದ ಕೂಗ್ಬೇಡ್ರಿ, ಮುಂದಿನ ಬೆಂಚು, ಹತ್ತೂವರೆಗೆ ತಿಂದಾನಾ ನೋಡ್ರಿ, ಕೈಗೊಂದು ಕೆಲ್ಸ ಕೊಡ್ರಿ. ಮಿಸ್ಸು ಈಗ್ಲೇ ಹ್ಞೂಂ ಅಂದಾರೆ, "ಚೀಟಿ ಯಾಕಮ್ಮ, ನಾನೇ ಹೋಗಿ ಹೇಳ್ತೀನಿ" ಅಂತ, ಆದ್ರೂ ಬರೆಸ್ಕೊಂತೀನಿ, ಬೇಸಿಗೆ ರಜೆ ಎರಡು ತಿಂಗಳು ಐತೆ, ಯಾರಿಗೆ ಏನ್ ನೆನಪಿರ್ತೈತೆ.